ನೀಲಿ ನೀರಿನ ಬ್ರೇಕು

ಶಹಾಬಾದ
೮ ಜುಲೈ ೧೯೭೪

ಉಸ್ತಾದ ಗುಲಾಮ ದಸ್ತಗೀರ ಅವರಿಗೆ ನಾಮದೇವನ ಸಲಾಮುಗಳು.

ಎರಡು ವರ್ಷ ಒಂದು ಕಾರ್ಡೂ ಹಾಕದವನು ಈಗ ಉದ್ದನೆಯ ಪತ್ರ ಬರೆಯುತ್ತಿದ್ದಾನೆಂದರೆ ಇವನಿಗೆ ಏನೋ ಕುತ್ತು ಬಂದಿದೆ ಎಂದು ನೀವು ಊಹಿಸುತ್ತೀರಿ. ಖಂಡಿತ ಬಂದಿದೆ. ಸುಖವಾಗಿದ್ದಾಗ ನೆನಪಾಗದವರು ಕಷ್ಟದಲ್ಲಿ ನೆನಪಾದರು ಎಂದು ಬೈಯಿರಿ, ಆದರೆ ಪತ್ರವನ್ನು ಕೊನೆಯವರೆಗೆ ಓದಿಸಿ ಕೇಳಿರಿ.

ನಾನು ಇಲ್ಲಿಯ ಮೋಟಾರು ತರಬೇತಿ ಕೇಂದ್ರದಲ್ಲಿ ಹಂಗಾಮಿ ಶಿಕ್ಷಕ. ಹದಿನಾರು ಮಂದಿ ಕಲಿಯುವವರಿದ್ದಾರೆ. ಅವರಲ್ಲಿ ಮಗಳ ಮದುವೆ ಮಾಡಿದವರೂ ಇದ್ದಾರೆ. ಅಂಥವರಲ್ಲಿ ಒಬ್ಬ ಐನಾಪುರದ ದಶರಥ. ಹದಿನೈದು ವರ್ಷ ಗಣಿಯ ಕಲ್ಲು ಹೇರುವ ಬಂಡಿ ಹೊಡೆದವನು, ನನಗಿಂತ ಆರು ವರ್ಷ ದೊಡ್ಡವನು. ಯಾವ ಮಾತನ್ನೂ ಸುಮ್ಮನೆ ಒಪ್ಪುವವನಲ್ಲ. ಒಪ್ಪಿದರೆ ಬಿಡುವವನೂ ಅಲ್ಲ.

ಕಳೆದ ವಾರ ಬ್ರೇಕಿನ ಗಾಳಿ ತೆಗೆಯುವುದನ್ನು ಕಲಿಸುತ್ತಿದ್ದೆ. ದಶರಥ ಕೇಳಿದ: "ಎಣ್ಣಿ ಅದ, ಪೈಪ ಅದ, ಗಾಲಿ ಅದ. ಮತ್ತ ಬ್ರೇಕ ಯಾಕ ಹತ್ತಂಗಿಲ್ರಿ ಮಾಸ್ತರ?" ನೀವು ನನಗೆ ಹೇಳಿದ್ದನ್ನೇ ಹೇಳಿದೆ: ಎಣ್ಣೆ ಹಠಮಾರಿ, ಗಾಳಿ ಪುಕ್ಕಲು. ಪೆಡಲು ತುಳಿದಾಗ ಎಣ್ಣೆ ಕುಗ್ಗದೆ ಗಾಲಿಯ ತನಕ ಒತ್ತಿಕೊಂಡು ಹೋಗುತ್ತದೆ. ನಡುವೆ ಗಾಳಿ ಸೇರಿದರೆ ಅದೇ ಕುಗ್ಗಿ ಕೂರುತ್ತದೆ, ಪೆಡಲು ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಅದಕ್ಕೇ ಒಬ್ಬ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಸಣ್ಣ ತಿರುಪು ಸಡಿಲಿಸಿ ಎಣ್ಣೆಯ ಜೊತೆ ಗುಳ್ಳೆಯನ್ನು ಹೊರಗೆ ಬಿಡಬೇಕು, ತಿರುಪು ಬಿಗಿದ ಮೇಲೆಯೇ ಮೊದಲನೆಯವನು ಕಾಲೆತ್ತಬೇಕು.

ಇಷ್ಟು ಹೇಳುವ ಹೊತ್ತಿಗೆ ದಶರಥ ತಿರುಪನ್ನು ಪೂರಾ ಬಿಚ್ಚಿಬಿಟ್ಟಿದ್ದ. ಬ್ರೇಕ್ ಎಣ್ಣೆ ಹಾರಿ ಅವನ ಕಣ್ಣಿಗೆ ಬಿತ್ತು. ಕಾಲು ತಾಸು ಕಣ್ಣಿಗೆ ನೀರು ಸುರಿದು ದವಾಖಾನೆಗೆ ಕರೆದೊಯ್ದೆವು. ಅವನನ್ನು ಎತ್ತಲು ಓಡಿದ, ಅವನ ಜೊತೆ ಕಲಿಯುವ ಸಾಯಬಣ್ಣ ಎಣ್ಣೆಯ ಕೈಯನ್ನು ಪ್ರಾಚಾರ್ಯ ಅಂಬಾರಾಯ ಸಾಹೇಬರ, ಪಕ್ಕದಲ್ಲೇ ನಿಂತಿದ್ದ ಕಾರಿನ ಮೇಲೆ ಊರಿದ್ದ. ಹೊಸದಾಗಿ ಬಣ್ಣ ಹಚ್ಚಿಸಿದ ಕಾರು. ಮರುದಿನ ಬಾನೆಟ್ಟಿನ ಬಣ್ಣ ಎದ್ದು ಐದು ಬೆರಳೂ ಅಚ್ಚಾಗಿ ಮೂಡಿದ್ದವು. ಸಾಹೇಬರು ಹದಿನಾರು ಮಂದಿಯ ಕೈಯನ್ನೂ ಒಂದೊಂದಾಗಿ ಅದರ ಮೇಲೆ ಇಡಿಸಿ ಅಳತೆ ನೋಡಿದರು. ಕೊನೆಗೆ ನನ್ನ ಕೈಯನ್ನೂ ಇಡಿಸಿದರು. ನನ್ನದೇ ಎಲ್ಲರಿಗಿಂತ ಸರಿಯಾಗಿ ಕೂತಿತು.

ಈಗ ಬ್ರೇಕ್ ಎಣ್ಣೆಯ ಡಬ್ಬಿಗೆ ಬೀಗ. ವರ್ಷಕ್ಕೆ ಒಂದೇ ಡಬ್ಬಿ ಬರುತ್ತದೆ, ಅದೂ ಸಾಹೇಬರ ಕಪಾಟಿನಲ್ಲಿದೆ. ಆದರೆ ನವೆಂಬರಿನಲ್ಲಿ ತಪಾಸಣೆ. ತಪಾಸಣಾಧಿಕಾರಿಗಳು ತಮಗೆ ತೋಚಿದವನನ್ನು ಕರೆದು ನಾಲ್ಕೂ ಗಾಲಿಯ ಗಾಳಿ ತೆಗೆ ಎನ್ನುತ್ತಾರಂತೆ. ಅವನಿಗೆ ಬಂದರೆ ನಾನು ಖಾಯಂ, ಬಾರದಿದ್ದರೆ ನಾನು ಮನೆಗೆ. ನಿಮ್ಮ ಗ್ಯಾರೇಜು ಬಿಟ್ಟು ಬಂದವನಿಗೆ ಹಿಂದಿರುಗಲು ಬೇರೆ ಜಾಗವಿಲ್ಲ.

ಕಣ್ಣು ಸುಡದ, ಬಣ್ಣ ಸುಲಿಯದ, ಪಾಠಕ್ಕೆ ಸಾಕಾಗುವ ಬದಲಿ ಎಣ್ಣೆ ಯಾವುದಾದರೂ ಇದ್ದರೆ ತಿಳಿಸಿರಿ.

ನಿಮ್ಮ ಶಿಷ್ಯ
ನಾಮದೇವ


ಸೇಡಂ
೨೦ ಜುಲೈ ೧೯೭೪

ಚಿರಂಜೀವಿ ನಾಮದೇವನಿಗೆ ಆಶೀರ್ವಾದ.

ಉಸ್ತಾದರಿಗೆ ಉರ್ದು ಬರುತ್ತದೆ, ಕನ್ನಡ ಅಕ್ಷರ ಬಾರದೆಂಬುದು ನಿನಗೆ ಗೊತ್ತಿದೆ. ಹೀಗಾಗಿ ಅವರು ಹೇಳಿದ್ದನ್ನು ಬರೆಯುತ್ತಿರುವವನು ನಾನು, ನಿವೃತ್ತ ಮಾಸ್ತರ ಗುರುಲಿಂಗಯ್ಯ. ನೀನು ಹೋದ ಮೇಲೆ ಗ್ಯಾರೇಜಿನ ಹಳೆಯ ಬಸ್ಸಿನ ಸೀಟಿನ ಮೇಲೆ ಕುಳಿತು ಪೇಪರು ಓದುವುದು ನನ್ನ ದಿನಚರಿಯಾಗಿದೆ.

ಉಸ್ತಾದರು ಹೇಳುವುದು: ನಿನ್ನ ಪತ್ರ ಮುಟ್ಟಿತು. ನೀನು ಸರ್ಕಾರಿ ಮನುಷ್ಯ, ಸರ್ಕಾರವನ್ನೇ ಕೇಳು. ಗ್ಯಾರೇಜಿನಲ್ಲಿ ಎಲ್ಲ ಸೌಖ್ಯ. ಮಳೆ ಪರವಾಗಿಲ್ಲ.

ಇತಿ, ಉಸ್ತಾದರ ಪರವಾಗಿ
ಗುರುಲಿಂಗಯ್ಯ

ತಾಜಾಕಲಂ: ಉಸ್ತಾದರು ಸುಮಾರು ಅರ್ಧ ತಾಸು ಮಾತನಾಡಿದರು. ಅದರಲ್ಲಿ ಹೆಚ್ಚಿನದು ಬೈಗುಳ. ನಲವತ್ತು ವರ್ಷ ಮಕ್ಕಳಿಗೆ ಶುದ್ಧಬರಹ ಕಲಿಸಿದ ಕೈ ಅದನ್ನೆಲ್ಲ ಬರೆಯಲು ಒಪ್ಪಲಿಲ್ಲ, ಸಾರಾಂಶ ಮೇಲಿದೆ. ನಾನು ಲಕೋಟೆಗೆ ಅಂಟು ಹಚ್ಚುತ್ತಿರುವಾಗ ಮಾತ್ರ "ಆ ಬಂಡಿಯವನ ಕಣ್ಣು ಹೆಂಗದ ಕೇಳ್ರಿ" ಅಂದರು.


ಶಹಾಬಾದ
೧೯ ಆಗಸ್ಟ್ ೧೯೭೪

ಉಸ್ತಾದರಿಗೆ ಸಲಾಮುಗಳು. ಮಾಸ್ತರರಿಗೆ ನಮಸ್ಕಾರಗಳು.

ದಶರಥನ ಕಣ್ಣು ಚೆನ್ನಾಗಿದೆ. ನನ್ನ ತಪ್ಪುಗಳನ್ನೆಲ್ಲ ಅದರಿಂದಲೇ ಹುಡುಕಿ ನೋಡುತ್ತಾನೆ.

ಸರ್ಕಾರವನ್ನು ಕೇಳು ಎಂದಿರಿ. ಕೇಳಿದೆ. ಉತ್ತರ ಬಂದಿಲ್ಲ. ಆಮೇಲೆ ನನ್ನ ತಲೆಯನ್ನೇ ಕೇಳಿದೆ; ಅದು ಕೊಟ್ಟ ಉತ್ತರದಿಂದ ಈ ಸ್ಥಿತಿಗೆ ಬಂದಿದ್ದೇನೆ.

ತಿನ್ನುವ ಎಣ್ಣೆಯಾದರೆ ಕಣ್ಣಿಗೆ ಬಿದ್ದರೂ ಅಪಾಯವಿಲ್ಲ, ಬಣ್ಣವನ್ನೂ ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದೆ. ಗುಂಡಗುರ್ತಿಗೆ ಹೋಗಿ ಅವ್ವನಿಂದ ಗಾಣದ ಕುಸುಬಿ ಎಣ್ಣೆ ತಂದೆ. "ಇಷ್ಟ್ಯಾಕೋ ನಾಮ್ಯಾ, ಯಾರ ಮನಿ ಮದುವಿ?" ಅಂದಳು. ಬ್ರೇಕಿಗೆ ಎಂದೆ. ಪಕ್ಕದ ಮನೆಯ ಹಣಮಮ್ಮನಿಗೆ ಕೇಳುವಂತೆ "ನೌಕರಿ ಹತ್ತಿದ ಮ್ಯಾಲ ಹುಡುಗ ಹಿಂಗ ಆಗ್ಯಾನ ನೋಡ" ಎಂದು ಹಣೆ ಬಡಿದುಕೊಂಡಳು.

ನಮ್ಮ ಅಭ್ಯಾಸದ ಜೀಪಿಗೆ ಎಂಜಿನ್ ಇಲ್ಲ. ಶಹಾಬಾದಿನ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರಿಸಿದ್ದೇವೆ, ಗಾಲಿಗಳು ಗಾಳಿಯಲ್ಲಿ ತಿರುಗುತ್ತವೆ. ಕುಸುಬಿ ಎಣ್ಣೆ ಹಾಕಿ ಮೂರು ದಿನ ಪಾಠ ಮಾಡಿದೆ. ಗುಳ್ಳೆ ಬಂತು, ಗುಳ್ಳೆ ಹೋಯಿತು, ಪೆಡಲು ಕಲ್ಲಾಯಿತು. ನಾನು ಒಳಗೊಳಗೇ ನನ್ನ ಬೆನ್ನು ತಟ್ಟಿಕೊಂಡೆ. ನಾಲ್ಕನೆಯ ದಿನ ಒಂದು ಗಾಲಿಯೂ ತಿರುಗಲಿಲ್ಲ. ಬಿಚ್ಚಿ ನೋಡಿದರೆ ಸಿಲಿಂಡರಿನೊಳಗಿನ ರಬ್ಬರುಗಳೆಲ್ಲ ಎಣ್ಣೆ ಕುಡಿದು ಪೂರಿಯಂತೆ ಉಬ್ಬಿ ಕೂತಿದ್ದವು. ಸುತ್ತಿಗೆ ಹಾಕಿ ತೆಗೆಯಬೇಕಾಯಿತು. ಎಂಟು ರಬ್ಬರು ಹಾಳು.

ಮೇಲಾಗಿ ಬಿಸಿಲಿಗೆ ಕಾದ ಎಣ್ಣೆಯ ವಾಸನೆ ಆಫೀಸಿನ ತನಕ ಹೋಗಿತ್ತು. ಅಂಬಾರಾಯ ಸಾಹೇಬರು ಬಂದು ನಿಂತು, "ಏನ್ ನಾಮದೇವ, ಭಜಿ ಕರೀಲಿಕತ್ತಿ ಏನು? ತಪಾಸಣಿದಾಗ ನಾಲ್ಕು ಮೆಣಸಿನಕಾಯಿ ಭಜಿ ಮಾಡಿ ತೋರಿಸ್ತಿ ಏನು?" ಎಂದರು. ಹದಿನಾರು ಮಂದಿ ನಕ್ಕರು. ದಶರಥ ನಗಲಿಲ್ಲ; ಭಜಿ ನಿಜವಾಗಿಯೂ ಬರುತ್ತದೆಂದು ತಿಳಿದು ಕಾದಿದ್ದ.

ಉಸ್ತಾದರೇ, ಒಂದು ಮಾತು ನೇರವಾಗಿ ಕೇಳುತ್ತೇನೆ. ಅಡುಗೆ ಎಣ್ಣೆ ರಬ್ಬರನ್ನು ಕೆಡಿಸುತ್ತದೆಂದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹೇಳಲಿಲ್ಲವೆಂದರೆ ನನಗೆ ಭಾಳ ನೋವಾಗುತ್ತದೆ. ನಿಮ್ಮನ್ನು ಬಿಟ್ಟು ನೌಕರಿಗೆ ಬಂದೆನೆಂದು ಇಷ್ಟು ಸಿಟ್ಟೇ? ಸೇಡಂ ಬಿಟ್ಟು ನೌಕರಿಗೆ ಹೋದವನು ನಾನೊಬ್ಬನೇ ಅಲ್ಲ.

ನಿಮ್ಮ ನಾಮದೇವ


ಸೇಡಂ
೨೭ ಆಗಸ್ಟ್ ೧೯೭೪

ಎಲೇ ಕತ್ತಿ,

(ಕತ್ತೆ ಎಂಬ ಇದು ಉಸ್ತಾದರ ಸಂಬೋಧನೆ. ಇನ್ನು ಮುಂದೆ ತಾವು ಹೇಳಿದ ಒಂದು ಅಕ್ಷರವನ್ನೂ ಬಿಡಕೂಡದೆಂದು ನನ್ನ ಕೈಯಿಂದ ವಿಭೂತಿಯ ಮೇಲೆ ಆಣೆ ಮಾಡಿಸಿದ್ದಾರೆ. ಕಾರಣ ನಾನೇ ಹೇಳಬೇಕು. ನಿನ್ನ ಪತ್ರ ಓದಿ ಹೇಳಿದಾಗ ಉಸ್ತಾದರು "ನಾ ಹೇಳೀನಲ್ಲ! ಮೊದಲನೇ ಚೀಟಿದಾಗೇ ಹೇಳೀನಲ್ಲ!" ಎಂದು ಎದ್ದು ನಿಂತರು. ಜುಲೈ ತಿಂಗಳಲ್ಲಿ ಅವರು ಹೇಳಿದ ಬೈಗುಳಗಳ ನಡುವೆ ಒಂದು ಹೀಗಿತ್ತು: ಆ ಮೂರ್ಖ ತಮ್ಮವ್ವನ ಹತ್ತಿರ ಕುಸುಬಿ ಎಣ್ಣೆ ತಂದು ಸುರಿಯುತ್ತಾನೆ, ಸುರಿದರೆ ರಬ್ಬರು ಉಬ್ಬಿ ಅವನ ಸೋದರಮಾವನ ಇಂಥದರಂತೆ ಆಗುತ್ತದೆ. ಆ ಹೋಲಿಕೆ ಸಭ್ಯವಲ್ಲವೆಂದು ಇಡೀ ವಾಕ್ಯವನ್ನೇ ಬಿಟ್ಟಿದ್ದೆ. ಬೈಗುಳದ ಹೊಟ್ಟೆಯಲ್ಲಿ ಪಾಠವಿರುತ್ತದೆಂದು ನಮ್ಮ ಟ್ರೇನಿಂಗ್ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಎಂಟು ರಬ್ಬರಿನ ಪಾಪ ನನ್ನದು, ಕ್ಷಮಿಸು. ಇನ್ನು ಉಸ್ತಾದರು.)

ಕಿವಿ ತೆರೆದು ಕೇಳು. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್, ನಿಮ್ಮವ್ವನ ಎಣ್ಣೆ, ಇವು ಯಾವುವೂ ಆ ರಬ್ಬರಿಗೆ ಆಗುವುದಿಲ್ಲ. ಹರಳೆಣ್ಣೆಯೊಂದು ಆಗುತ್ತದೆ. ಹಿಂದೆ ಲಡಾಯಿಯ ಕಾಲದಲ್ಲಿ ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ ಬ್ರೇಕಿಗೆ ಹಾಕಿ ಬಸ್ಸು ಓಡಿಸಿದ್ದೇನೆ. ಆದರೆ ಸ್ಪಿರಿಟ್ ಬೆಂಕಿಯ ಮಾಲು. ನಿನ್ನ ಕ್ಲಾಸಿನಲ್ಲಿ ಬೀಡಿ ಸೇದುವವರು ಎಷ್ಟು ಮಂದಿಯೋ, ಕುಡಿಯುವವರು ಎಷ್ಟು ಮಂದಿಯೋ. ಅದು ಬೇಡ.

ನಿನಗೆ ಬೇಕಾದ್ದು ನೀರು. ಓಡದ ಗಾಡಿಗೆ ನೀರು ಸಾಕು. ನೀರೂ ಎಣ್ಣೆಯಷ್ಟೇ ಹಠಮಾರಿ, ತುಳಿದರೆ ಕುಗ್ಗುವುದಿಲ್ಲ. ಶಹಾಬಾದಿನ ಬಾವಿ ನೀರು ಹಾಕಬೇಡ, ಕುದಿಸಿದರೆ ಪಾತ್ರೆಯಲ್ಲಿ ಸುಣ್ಣ ಕೂರುವ ನೀರು ಅದು, ಸಿಲಿಂಡರಿನಲ್ಲೂ ಕೂರುತ್ತದೆ. ಮಳೆ ನೀರು ಹಿಡಿದು ಸೋಸು. ಜಾರಲು ಔಷಧದ ಅಂಗಡಿಯ ಗ್ಲಿಸರಿನ್ ಸ್ವಲ್ಪ ಬೆರೆಸು. ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ ಹಾಕು. ಬ್ರೇಕ್ ಎಣ್ಣೆ ಎಂದೂ ನೀಲಿ ಇರುವುದಿಲ್ಲ, ಕುಡುಕನೂ ತಪ್ಪು ತಿಳಿಯುವುದಿಲ್ಲ. ದಿನಾ ಪಾಠ ಮುಗಿದ ಮೇಲೆ ಎಲ್ಲ ಬಸಿದು, ಒಣಗಿಸಿ, ಒಳಗೆ ಹರಳೆಣ್ಣೆಯ ಬಟ್ಟೆ ಆಡಿಸು, ಇಲ್ಲದಿದ್ದರೆ ತುಕ್ಕು. ಮತ್ತು ಆ ಜೀಪಿನ ಮೇಲೆ ಸುಣ್ಣದಲ್ಲಿ ಬರೆ: ಇದು ರಸ್ತೆಗೆ ಇಳಿಯತಕ್ಕದ್ದಲ್ಲ. ಓಡುವ ಗಾಡಿಯ ಬ್ರೇಕು ಕಾದರೆ ನೀರು ಕುದ್ದು ಹಬೆಯಾಗುತ್ತದೆ. ಹಬೆಯೂ ಗಾಳಿಯ ತಮ್ಮನೇ.

ಇನ್ನು ನಿನ್ನ ಎರಡನೆಯ ಪ್ರಶ್ನೆ. ನೀನು ನೌಕರಿಗೆ ಹೋದೆ ಎಂದು ನನಗೆ ಸಿಟ್ಟಿಲ್ಲ. ನೀನು ಹೋದ ದಿನ ಗ್ಯಾರೇಜಿನ ಪಿಟ್ಟಿನ ಗುಂಡಿಯ ಮೇಲೆ ಚಿಂಚೋಳಿ ಬಸ್ಸು ನಿಂತಿತ್ತು. ನೀನು ಮೂರು ಗಾಲಿಯ ಗಾಳಿ ತೆಗೆದಿದ್ದೆ. ವಾಡಿ ಕಡೆಯ ರೈಲಿನ ಹೊತ್ತಾಯಿತೆಂದು ಕೈ ಒರೆಸಿಕೊಂಡು ಓಡಿದೆ. ನಾಲ್ಕನೆಯದು ಉಳಿದಿದೆ ಎಂದು ಯಾರಿಗೂ ಹೇಳಲಿಲ್ಲ. ನಾನು ನಮಾಜಿಗೆ ಹೋಗಿದ್ದೆ. ಡ್ರೈವರ್ ಹಾಜಿಸಾಬ, ಪೆಡಲು ಮೆತ್ತಗಿದೆ, ಹೊಸ ರಬ್ಬರಿನ ಗುಣವಿರಬೇಕು ಎಂದುಕೊಂಡು ಬಸ್ಸು ತೆಗೆದುಕೊಂಡು ಹೋದ. ನಾನು ಬಂದು ನೋಡಿದರೆ ಪಿಟ್ಟಿನ ಅಂಚಿನಲ್ಲಿ, ಗಾಳಿ ತೆಗೆದ ಪ್ರತಿ ಗಾಲಿಗೆ ಒಂದರಂತೆ ಹಾಕುವ ಗುರುತು ಮೂರೇ ಇತ್ತು.

ಐವತ್ತೆಂಟು ವರ್ಷದ ಮನುಷ್ಯ ಸೈಕಲ್ ಮೇಲೆ ಬಸ್ಸಿನ ಹಿಂದೆ ಬಿದ್ದದ್ದನ್ನು ಸೇಡಂ ಊರೆಲ್ಲ ನೋಡಿತು. ಅದು ಮರಕ್ಕೊಂದು ಸಲ ನಿಲ್ಲುವ ಬಸ್ಸು, ಅದಕ್ಕೇ ಮೂರು ಮೈಲಿಗೆ ಸಿಕ್ಕಿತು. ಕೋಳಿ, ಕುರಿ ಬಿಟ್ಟು ನಲವತ್ಮೂರು ಮಂದಿ ಇದ್ದರು. ಒಬ್ಬಳು ಬಾಣಂತಿ. ರಸ್ತೆಯ ಮೇಲೆ ಮಲಗಿ ನಾಲ್ಕನೆಯ ಗಾಲಿ ಮುಗಿಸಿದೆ. ಏನಾಯಿತೆಂದು ಕೇಳಿದವರಿಗೆ, ತಿರುಪು ಬಿಗಿಯುವ ಪಾನಾ ಬಸ್ಸಿನಲ್ಲಿ ಮರೆತಿದ್ದೆ ಎಂದೆ. ನಿನ್ನ ಹೆಸರು ಹೇಳಲಿಲ್ಲ. ಇವತ್ತೇ ಮೊದಲ ಸಲ ಹೇಳುತ್ತಿದ್ದೇನೆ.

ಅಂಥವನು ಹದಿನಾರು ಮಂದಿಗೆ ಬ್ರೇಕು ಕಲಿಸುತ್ತಿದ್ದಾನೆಂದು ಕೇಳಿದಾಗ ನನಗೆ ನಗು ಬರಲಿಲ್ಲ.

ಗುಲಾಮ ದಸ್ತಗೀರ
(ಬರೆದವನು ಗುರುಲಿಂಗಯ್ಯ. ಕೊನೆಯ ಭಾಗ ಹೇಳುವಾಗ ಒಂದೂ ಬೈಗುಳ ಬರಲಿಲ್ಲ. ನಾನು ಬಿಟ್ಟದ್ದಲ್ಲ.)


ಶಹಾಬಾದ
೬ ಅಕ್ಟೋಬರ್ ೧೯೭೪

ಉಸ್ತಾದರೇ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ರೈಲಿನ ಸಮಯ ಬರೆದೆ, ಒಂದರಲ್ಲಿ ಸಂದರ್ಶನದ ಗಡಿಬಿಡಿ ಬರೆದೆ. ಮೂರನೆಯದರಲ್ಲಿ ನೆನಪಿರಲಿಲ್ಲ ಎಂದು ಬರೆದೆ. ಅದು ಸುಳ್ಳು. ಮಳಖೇಡ ದಾಟುವಾಗ ನೆನಪಾಗಿತ್ತು. ಉಸ್ತಾದರು ನೋಡಿಕೊಳ್ಳುತ್ತಾರೆ ಎಂದು ಕಣ್ಣು ಮುಚ್ಚಿದೆ. ತಪ್ಪಾಯಿತು, ಉಸ್ತಾದರೇ. ಆ ಬಾಣಂತಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿಮ್ಮ ಪತ್ರ ಬಂದ ಮರುದಿನ ಹದಿನಾರು ಮಂದಿಯನ್ನೂ ಜೀಪಿನ ಸುತ್ತ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೋ ಒಬ್ಬ ಮೆಕ್ಯಾನಿಕ್ ಎನ್ನಲಿಲ್ಲ, ನಾನು ಎಂದೇ ಹೇಳಿದೆ. ಕೊನೆಗೆ ದಶರಥ, "ಎತ್ತಿನ ಕೊರಳಾಗ ಮಿಣಿ ಹಗ್ಗ ಕಟ್ಟಲಾರ್ದ ಬಂಡಿ ಹೂಡಿದಂಗಾತ್ರಿ" ಎಂದ. ಹೌದು ಎಂದೆ. "ಇನ್ನ ಮ್ಯಾಲ ನಾ ಯಾವ್ದು ಅರ್ಧಕ್ಕ ಬಿಡಂಗಿಲ್ರಿ" ಎಂದ. ಅವನು ಒಂದು ಮಾತನ್ನು ಒಪ್ಪಿದರೆ ಏನಾಗುತ್ತದೆಂದು ಆಗ ನಾನು ಯೋಚಿಸಲಿಲ್ಲ.

ನೀಲಿ ನೀರು ಅದ್ಭುತವಾಗಿ ಕೆಲಸ ಮಾಡುತ್ತಿದೆ. ಮೊದಲ ದಿನ ಮಾತ್ರ ನನ್ನ ಬುದ್ಧಿ ಸ್ವಲ್ಪ ಹೆಚ್ಚಾಯಿತು. ಗ್ಲಿಸರಿನ್ ತೀರಿತ್ತು; ಔಷಧದ ಅಂಗಡಿಯಿಂದ ತಂದದ್ದನ್ನು ಆಫೀಸಿನವರೆಲ್ಲ ತುಟಿ ಒಡೆದಿದೆ ಎಂದು ಒಂದೊಂದು ಹನಿ ಒಯ್ದಿದ್ದರು. ಜಾರಲು ಸಾಬೂನು ಸಾಕೆಂದು ನೀರಿಗೆ ಸಾಬೂನು ಕದಡಿದೆ. "ಗುಳ್ಳೆ ನಿಲ್ಲುವ ತನಕ ಬಿಡಬೇಡಿ" ಎಂದು ಹೇಳಿ ಸಂಬಳದ ಪಟ್ಟಿಗೆ ಸಹಿ ಮಾಡಲು ಹೋದೆ. ಎರಡು ತಾಸಿನ ಮೇಲೆ ಬಂದರೆ ದಶರಥ ಇನ್ನೂ ಮೊದಲನೆಯ ಗಾಲಿಯ ಕೆಳಗೇ ಇದ್ದಾನೆ, ಸಾಯಬಣ್ಣ ಪೆಡಲು ತುಳಿದು ತುಳಿದು ಕಾಲು ಸೋತು ಅಳುವಂತಾಗಿದ್ದಾನೆ, ಜೀಪಿನ ಕೆಳಗೆ ಮೊಣಕಾಲೆತ್ತರ ನೊರೆ. "ನಿಲ್ಲವಲ್ದ್ರಿ ಮಾಸ್ತರ, ಈ ಗಾಡಿದಾಗ ಗಾಳಿ ಭಾಳ ಅದ" ಎಂದ.

ತಪಾಸಣೆ ನವೆಂಬರ್ ಹದಿನೆಂಟಕ್ಕೆ ಗೊತ್ತಾಗಿದೆ.

ನಿಮ್ಮ
ನಾಮದೇವ


ಸೇಡಂ
೧೫ ಅಕ್ಟೋಬರ್ ೧೯೭೪

ಎಲೇ ಕತ್ತಿ,

ಸಾಬೂನು ಹಾಕಬೇಡ.

ಗುಲಾಮ ದಸ್ತಗೀರ
(ಗುರುಲಿಂಗಯ್ಯ. ಇಷ್ಟೇ ಹೇಳಿದರು. ಆದರೆ ಮಳಖೇಡದ ಸಾಲನ್ನು ಎರಡು ಸಲ ಓದಿಸಿಕೊಂಡರು.)


ಶಹಾಬಾದ
೧೯ ನವೆಂಬರ್ ೧೯೭೪

ಉಸ್ತಾದರೇ,

ನಿನ್ನೆ ತಪಾಸಣೆಯಾಯಿತು. ನನ್ನ ನೌಕರಿ ಹೋಯಿತೆಂದೇ ತಿಳಿಯಿರಿ. ಹೇಗೆಂದು ಹೇಳುತ್ತೇನೆ.

ಅಧಿಕಾರಿಗಳು ಬೆಳಿಗ್ಗೆ ಬಂದರು. ಬಿಳಿ ಶರಟು, ಬಿಳಿ ಪ್ಯಾಂಟು, ಕೈಯಲ್ಲಿ ಪಟ್ಟಿ. ಮಧ್ಯಾಹ್ನ ವಾಡಿಯಿಂದ ಹೋಗುವ ರೈಲು ಹಿಡಿಯಬೇಕೆಂದು ಬರುತ್ತಲೇ ಹೇಳಿದರು. ಸೀಸೆಯನ್ನು ಎತ್ತಿ ನೋಡಿ, "ಇದೇನ್ರಿ ನೀಲಿ?" ಎಂದರು. ಅಭ್ಯಾಸದ ನೀರು ಎಂದೆ. "ಪಟ್ಟಿಯಲ್ಲಿ ಬ್ರೇಕ್ ದ್ರವ ಅಂತ ಇದೆ." ಅಂಬಾರಾಯ ಸಾಹೇಬರು ಬೆವರು ಒರೆಸಿಕೊಂಡು, "ಇದೂ ದ್ರವನೇ ಅದ್ರಿ ಸರ್" ಎಂದರು. ಅಧಿಕಾರಿಗಳು ಸೀಸೆ ಕೆಳಗಿಟ್ಟು ಹದಿನಾರು ಮಂದಿಯನ್ನು ನೋಡುತ್ತ ಬಂದು ದಶರಥನ ಮುಂದೆ ನಿಂತರು. "ವಯಸ್ಸಾದವರಿಗೆ ಏನು ಬರುತ್ತದೋ ನೋಡೋಣ" ಎಂದರು.

ಸಾಯಬಣ್ಣ ಪೆಡಲಿಗೆ, ದಶರಥ ಜೀಪಿನ ಕೆಳಗೆ. "ಒತ್ತು", "ಒತ್ತೀನಿ", "ಬಿಡು", "ಬಿಟ್ಟೀನಿ" ಎಂದು ಚಂದವಾಗಿ ನಡೆದಿತ್ತು. ಗುಳ್ಳೆ ನೋಡಬೇಕೆಂದು ಅಧಿಕಾರಿಗಳು ಎರಡನೆಯ ಗಾಲಿಯ ಹತ್ತಿರ ಬಗ್ಗಿದರು. ಅದೇ ಹೊತ್ತಿಗೆ ತಿರುಪಿನಿಂದ ಸೀಸೆಗೆ ಬಿಟ್ಟಿದ್ದ ರಬ್ಬರಿನ ನಳಿಕೆ ಕಳಚಿತು. ನೀಲಿ ನೀರು ನೆಟ್ಟಗೆ ಅವರ ಮುಖಕ್ಕೂ ಶರಟಿಗೂ ಹಾರಿತು. ಅವರು ಕಣ್ಣು ಉಜ್ಜಿಕೊಂಡರು, ಮಿಟುಕಿಸಿದರು, ತುಟಿ ಚಪ್ಪರಿಸಿದರು. "ಸಿಹಿ ಅದಲ್ರಿ!" ಎಂದರು. ಗ್ಲಿಸರಿನ್ ಸರ್, ಕಣ್ಣಿಗೆ ಏನೂ ಆಗುವುದಿಲ್ಲ, ಆದರೂ ತೊಳೆದುಕೊಳ್ಳಿ ಎಂದೆ. ಶರಟಿನ ಬಗ್ಗೆ ದಶರಥನೇ ಜೀಪಿನ ಕೆಳಗಿಂದ ಸಮಾಧಾನ ಹೇಳಿದ: "ನೀಲಿನೇ ಅದ್ರಿ ಸಾಹೇಬ್ರ. ಒಗದ್ರ ಮೊದಲಿಗಿಂತ ಬೆಳ್ಳಗಾಗ್ತದ."

ಇಲ್ಲಿಯ ತನಕ ಪರವಾಗಿಲ್ಲ ಎನ್ನೋಣ. ಮೂರನೆಯ ಗಾಲಿ ಮುಗಿದಾಗ ಅಧಿಕಾರಿಗಳು ಗಡಿಯಾರ ನೋಡಿಕೊಂಡರು. "ಸಾಕು, ಸಾಕು. ಬರುತ್ತದೆ ಇವನಿಗೆ. ಏಳಪ್ಪಾ, ಈ ಕಾಗದಕ್ಕೆ ಸಹಿ ಹಾಕು" ಎಂದರು. ಪರೀಕ್ಷೆ ಕೊಟ್ಟವನ ಸಹಿ ಇಲ್ಲದೆ ಕಾಗದ ಪೂರ್ತಿಯಾಗುವುದಿಲ್ಲವಂತೆ.

ಜೀಪಿನ ಕೆಳಗಿಂದ ಉತ್ತರ ಬಂತು: "ಒಂದ್ ಗಾಲಿ ಉಳದದ್ರಿ."

"ನಾನು ಸಾಕು ಅಂದೆನಲ್ಲ."

"ನಿಮಗ ಸಾಕಾಗ್ಯಾದ್ರಿ. ಗಾಡಿಗಿ ಸಾಕಾಗಿಲ್ರಿ."

ಅಂಬಾರಾಯ ಸಾಹೇಬರು ಬಗ್ಗಿ ಪಿಸುಮಾತಿನಲ್ಲಿ ಬೈದರು. ಆಮೇಲೆ ಗಟ್ಟಿಯಾಗಿ ಬೇಡಿಕೊಂಡರು. "ಈ ಗಾಡಿಗಿ ಎಂಜಿನ್ನೇ ಇಲ್ಲೋ ಮಾರಾಯ! ಎಲ್ಲಿಗೂ ಹೋಗಂಗಿಲ್ಲ ಅದು!" ಎಂದರು. "ಅದು ಹೋಗಂಗಿಲ್ರಿ. ನಾ ನಾಳಿ ಬ್ಯಾರೆ ಗಾಡಿಗಿ ಹೋಗ್ತೀನ್ರಿ" ಎಂದು ಎರಡು ಕಾಲುಗಳು ಮಾತ್ರ ನಾಲ್ಕನೆಯ ಗಾಲಿಯ ಕಡೆ ಸರಿದವು. ಸಾಯಬಣ್ಣನನ್ನಾದರೂ ಇಳಿಸೋಣವೆಂದರೆ, "ಬಿಡು ಅಂದಿಲ್ರಿ ಇನ್ನ" ಎಂದು ಅವನು ಪೆಡಲಿನಿಂದ ಕಾಲು ತೆಗೆಯಲಿಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ನಾನೊಂದು ಮಾತು ಹೇಳಿದ್ದರೆ ದಶರಥ ಎದ್ದು ಬರುತ್ತಿದ್ದನೋ ಏನೋ. ಬಾಯಿ ತೆರೆದೆ, ಉಸ್ತಾದರೇ. ಅಧಿಕಾರಿಗಳಿಗೆ ರೈಲಿನ ಹೊತ್ತಾಗಿತ್ತು. ರೈಲಿನ ಹೊತ್ತು ಎಂದ ಕೂಡಲೇ ನನ್ನ ಬಾಯಿ ತಾನೇ ಮುಚ್ಚಿಕೊಂಡಿತು. ಸ್ಟೂಲು ತಂದು ಹಾಕಿ, "ಇಪ್ಪತ್ತು ನಿಮಿಷ ಕುಳಿತುಕೊಳ್ಳಿ ಸರ್, ಅವನು ಮುಗಿಸಿಕೊಳ್ಳಲಿ" ಎಂದೆ.

ಇಪ್ಪತ್ತೈದು ನಿಮಿಷವಾಯಿತು. ರೈಲು ತಪ್ಪಿತು. ಅಧಿಕಾರಿಗಳು ನೀಲಿ ಶರಟಿನಲ್ಲಿ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯ ತನಕ ಕುಳಿತಿದ್ದರಂತೆ. ವರದಿಯನ್ನು ಅಲ್ಲಿಯೇ ಬರೆದರಂತೆ. ಅಂಬಾರಾಯ ಸಾಹೇಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನನಗೆ ಹೆದರಿಕೆ ಇದೆ, ಆದರೆ ವಿಚಿತ್ರವೆಂದರೆ ನಿನ್ನೆ ಚೆನ್ನಾಗಿ ನಿದ್ದೆ ಬಂತು.

ನಾಮದೇವ


ಶಹಾಬಾದ
೨೦ ಡಿಸೆಂಬರ್ ೧೯೭೪

ಉಸ್ತಾದರೇ,

ವರದಿ ಬಂತು. ಇದ್ದಂತೆ ನಕಲು ಮಾಡಿ ಕಳಿಸುತ್ತಿದ್ದೇನೆ.

"ಒಂದು: ಪಾಠಕ್ಕೆ ಬಳಸುವ ನೀಲಿ ದ್ರವ ಪಟ್ಟಿಯಲ್ಲಿ ಇಲ್ಲ. ಆದರೆ ಅದು ಕಣ್ಣಿಗೂ ಬಟ್ಟೆಗೂ ಹಾನಿ ಮಾಡುವುದಿಲ್ಲವೆಂದು ಈ ಅಧಿಕಾರಿ ಸ್ವತಃ ಪರೀಕ್ಷಿಸಿದ್ದಾರೆ. ಎರಡು: ಕೊಟ್ಟ ಬ್ರೇಕ್ ಎಣ್ಣೆಯ ಡಬ್ಬಿ ಬಹುತೇಕ ಹಾಗೇ ಉಳಿದಿದೆ. ಆದ್ದರಿಂದ ಮುಂದಿನ ವರ್ಷ ಡಬ್ಬಿ ಕೊಡುವ ಅಗತ್ಯವಿಲ್ಲ. ಮೂರು: ಇಲ್ಲಿಯ ಕಲಿಯುವವರು ಮೇಲಧಿಕಾರಿಗಳು ಹೇಳಿದರೂ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ. ಇದು ಅಶಿಸ್ತು, ಎಚ್ಚರಿಕೆ ಕೊಡತಕ್ಕದ್ದು. ನಾಲ್ಕು: ಶಿಕ್ಷಕರನ್ನು ಖಾಯಂ ಮಾಡಬಹುದು."

ಅಂಬಾರಾಯ ಸಾಹೇಬರು ದಶರಥನನ್ನು ಕರೆದು ಎಚ್ಚರಿಕೆ ಕೊಟ್ಟರು, ಆಮೇಲೆ ಚಹಾ ಕೊಟ್ಟರು. ಅವ್ವನಿಗೆ ಸುದ್ದಿ ಮುಟ್ಟಿಸಿದ್ದೇನೆ. "ಎಣ್ಣಿ ವಾಪಸ್ ಕೊಡ್ತಾರೇನು ಕೇಳು" ಎಂದು ಹೇಳಿ ಕಳಿಸಿದ್ದಾಳೆ.

ನಾನು ಖಾಯಂ ಆದೆ, ಉಸ್ತಾದರೇ. ಈ ಸುದ್ದಿಯನ್ನು ನಿಮ್ಮ ಎದುರಿಗೆ ನಿಂತು ಹೇಳುವ ಆಸೆಯಿತ್ತು. ಕರೆಯದೆ ಬರಲು ಧೈರ್ಯವಾಗಲಿಲ್ಲ.

ನಿಮ್ಮ
ನಾಮದೇವ


ಸೇಡಂ
೨೯ ಡಿಸೆಂಬರ್ ೧೯೭೪

ಎಲೇ ಕತ್ತಿ,

ವರದಿಯನ್ನು ಮಾಸ್ತರರು ಓದಿದರು. ಮೂರನೆಯ ಕಲಮು ಇನ್ನೊಮ್ಮೆ ಓದಿಸಿದೆ. ಹಾಜಿಸಾಬ ಬಸ್ಸು ತಂದಾಗ ಅವನಿಗೂ ಓದಿಸಿದೆ, ಇಳಿದು ಚಹಾ ಕುಡಿಯುತ್ತಿದ್ದ ಪ್ಯಾಸೆಂಜರುಗಳಿಗೂ ಓದಿಸಿದೆ. ಬಸ್ಸು ತಡವಾಯಿತು, ಆಗಲಿ.

ಹರಳೆಣ್ಣೆಯ ಬಟ್ಟೆ ಆಡಿಸುವುದನ್ನು ಬಿಡಬೇಡ. ಖಾಯಂ ಆದವನ ಸಿಲಿಂಡರಿಗೂ ತುಕ್ಕು ಹಿಡಿಯುತ್ತದೆ.

ಆ ದಶರಥನ ತರಬೇತಿ ಮುಗಿದ ಮೇಲೆ ನನ್ನ ಗ್ಯಾರೇಜಿಗೆ ಕಳಿಸು. ಅಂಥ ಮನುಷ್ಯ ನನಗೆ ಬೇಕು. ಅವನು ಒಬ್ಬನೇ ಬರುವುದು ಬೇಡ. ಪಾಪ, ಅವನಿಗೆ ಸೇಡಂ ದಾರಿ ಗೊತ್ತಿರುವುದಿಲ್ಲ. ನೀನೇ ಜೊತೆಗೆ ಕರೆದುಕೊಂಡು ಬಾ.

ಗುಲಾಮ ದಸ್ತಗೀರ

(ಬರೆದವನು ಗುರುಲಿಂಗಯ್ಯ. ಐನಾಪುರದವನು ಶಹಾಬಾದಿಗೆ ಹೋಗಿ ಬರುವುದೇ ಸೇಡಂ ಮೇಲಿಂದ, ಅವನಿಗೆ ದಾರಿ ಹೇಗೆ ಗೊತ್ತಿರುವುದಿಲ್ಲ ಎಂದು ನಾನು ಪೆನ್ನು ಎತ್ತಿ ಕೇಳಿದೆ. ಉಸ್ತಾದರು ಆ ಕಡೆ ತಿರುಗಿ ಕೈ ಒರೆಸಿಕೊಳ್ಳುತ್ತ, "ಗೊತ್ತಿಲ್ಲಂತ ಬರೀರಿ ಮಾಸ್ತರ್" ಅಂದರು.)